ಹಾಳೆಯ ಮೇಲಿನ ಮಗು

ಮಕ್ಕಳು ದೊಡ್ಡವರ ಪಾತ್ರ ಮಾಡುವುದು ಹೊಸದೇನಲ್ಲ. ಅಮ್ಮನ ಹಳೆಯ ಸೀರೆ ಸುತ್ತಿಕೊಂಡು, ತೆಂಗಿನ ಕರಟದಲ್ಲಿ ಮರಳಿನ ಅನ್ನ ಬೇಯಿಸಿ, ಬಾರದ ನೆಂಟರಿಗೆ ಎಲೆ ಹಾಕಿ ಬಡಿಸದ ಹುಡುಗಿ ನಮ್ಮಲ್ಲಿ ಯಾರಿದ್ದಾರೆ? ಕೈಯಲ್ಲೊಂದು ಕಡ್ಡಿ ಹಿಡಿದು ಗೋಡೆಗೆ ಪಾಠ ಹೇಳಿ, ಉತ್ತರ ಕೊಡಲಿಲ್ಲವೆಂದು ಆ ಗೋಡೆಗೇ ಎರಡು ಪೆಟ್ಟು ಕೊಟ್ಟವರೂ ನಾವೇ. ಮಗು ದೊಡ್ಡವರಂತೆ ಆಡುವುದನ್ನು ಕಂಡರೆ ನಗು ಬರುತ್ತದೆ, ಮುದ್ದೂ ಬರುತ್ತದೆ. ಆದರೆ ಮೂವತ್ತು ನಲವತ್ತು ದಾಟಿದವರು ಮೇಜಿನ ಸುತ್ತ ಕೂತು, "ನಾನು ಹನ್ನೊಂದು ವರ್ಷದ ಹುಡುಗಿ, ನನಗೆ ಕತ್ತಲೆಂದರೆ ಭಯ" ಎಂದು ಹೇಳಿಕೊಂಡು ಆಡಿದರೆ? ಕೇಳಿದವರು ಹುಬ್ಬೇರಿಸಬಹುದು. ಆದರೂ ಇಂಥ ಆಟ ಇದೆ. ಆ ಆಟಕ್ಕೆ ಇತಿಹಾಸವೂ ಇದೆ. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದ ನನಗೆ ಆ ಇತಿಹಾಸ ತಿಳಿದಷ್ಟೂ ಕುತೂಹಲ ಹೆಚ್ಚಿತು.

ಇಂಗ್ಲಿಷಿನಲ್ಲಿ ಇದನ್ನು ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಹೆಸರು ಉದ್ದ, ಸಾಮಾನು ಕಡಿಮೆ. ಒಂದು ಮೇಜು, ನಾಲ್ಕೈದು ಜನ, ಪೆನ್ಸಿಲ್ಲು, ಒಂದಷ್ಟು ದಾಳ, ಪ್ರತಿಯೊಬ್ಬರ ಮುಂದೆ ಒಂದು ಹಾಳೆ. ಚೌಕಾಬಾರದಂತೆ ಮನೆಗಳನ್ನು ದಾಟುವುದಿಲ್ಲ, ಒಬ್ಬರ ಕಾಯಿಯನ್ನು ಇನ್ನೊಬ್ಬರು ಹೊಡೆಯುವುದಿಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗಿ ಮಾತಾಡುತ್ತಾರೆ. "ನಾನು ಬಾಗಿಲು ತಳ್ಳುತ್ತೇನೆ" ಎಂದರೆ, ಬಾಗಿಲು ತೆರೆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ನಮ್ಮ ಕಡೆಯ ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿಯೂ ಬಣ್ಣವಿಲ್ಲ, ಕಿರೀಟವಿಲ್ಲ, ಕೂತಲ್ಲೇ ಮಾತಿನಲ್ಲಿ ಕರ್ಣನಾಗುತ್ತಾರೆ, ಕೃಷ್ಣನಾಗುತ್ತಾರೆ. ವ್ಯತ್ಯಾಸವಿಷ್ಟೇ: ಕರ್ಣನ ಕಥೆ ಮೊದಲೇ ಗೊತ್ತು, ಈ ಆಟದ ಕಥೆ ಯಾರಿಗೂ ಗೊತ್ತಿಲ್ಲ. ಪಾತ್ರವನ್ನೂ ಆಡುವವರೇ ಹುಟ್ಟಿಸಬೇಕು. ಹೆಸರು, ವಯಸ್ಸು, ಬಲ, ಬುದ್ಧಿ, ಕೈಯಲ್ಲಿರುವ ವಸ್ತು ಎಲ್ಲವನ್ನೂ ಆ ಹಾಳೆಯ ಮೇಲೆ ಬರೆದುಕೊಳ್ಳಬೇಕು. ನನ್ನ ಮಾತು ಆ ಹಾಳೆಯ ಬಗ್ಗೆ.

ಇದರ ಬೇರು ಹುಡುಕಿದರೆ ಮಕ್ಕಳ ಕೋಣೆಯೊಂದರಲ್ಲಿಯೇ ಸಿಗುತ್ತದೆ ಎಂದು ನನ್ನ ಭಾವನೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಹಾವರ್ತ್ ಎಂಬ ಊರು. ಅಲ್ಲಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆಯ ಮನೆ. ತಾಯಿ 1821ರಲ್ಲಿ ತೀರಿಕೊಂಡಿದ್ದಳು. ಹಾಸ್ಟೆಲ್ ಶಾಲೆಯಿಂದ ಕಾಯಿಲೆ ಹೊತ್ತು ಮನೆಗೆ ಬಂದ ಹಿರಿಯ ಹುಡುಗಿಯರಿಬ್ಬರು, ಮರಿಯಾ ಮತ್ತು ಎಲಿಜಬೆತ್, 1825ರಲ್ಲಿ ಒಬ್ಬರ ಹಿಂದೊಬ್ಬರು ಹೋಗಿಬಿಟ್ಟರು. ಉಳಿದವರು ನಾಲ್ವರು: ಷಾರ್ಲಟ್, ಬ್ರಾನ್‌ವೆಲ್, ಎಮಿಲಿ, ಆನ್. 1826ರ ಜೂನ್‌ನಲ್ಲಿ ತಂದೆ ಲೀಡ್ಸ್ ಪಟ್ಟಣದಿಂದ ಮಗನಿಗಾಗಿ ಮರದ ಸಿಪಾಯಿಗಳ ಒಂದು ಪೆಟ್ಟಿಗೆ ತಂದರು. ಅದರಲ್ಲಿದ್ದದ್ದು ಹನ್ನೆರಡು ಗೊಂಬೆ. ಅಣ್ಣ ತಂಗಿಯರೆಲ್ಲ ಒಂದೊಂದನ್ನು ಎತ್ತಿಕೊಂಡು ಹೆಸರಿಟ್ಟರು. ಹತ್ತು ವರ್ಷದ ಷಾರ್ಲಟ್‌ಳ ಗೊಂಬೆ ಡ್ಯೂಕ್ ಆಫ್ ವೆಲಿಂಗ್ಟನ್ ಆಯಿತು, ಬ್ರಾನ್‌ವೆಲ್‌ನದು ಬೋನಪಾರ್ಟೆ. ಅಲ್ಲಿಂದ ರಾಜ್ಯಗಳು ಹುಟ್ಟಿದವು, ಯುದ್ಧಗಳಾದವು. ಆ ಸಿಪಾಯಿಗಳು ಓದುವ ಅಳತೆಗೆ ತಕ್ಕಂತೆ ಅಂಗೈಯಲ್ಲಿ ಮುಚ್ಚಬಹುದಾದ ಪುಟ್ಟ ಪುಸ್ತಕಗಳನ್ನು ಇರುವೆಯಂಥ ಅಕ್ಷರದಲ್ಲಿ ಬರೆದು ಹೊಲಿದರು.

ಎಮಿಲಿ ಮತ್ತು ಆನ್ ತಮ್ಮದೇ ಬೇರೆ ರಾಜ್ಯ ಮಾಡಿಕೊಂಡರು, ಅದಕ್ಕೆ ಗೊಂಡಲ್ ಎಂದು ಹೆಸರು. ಬೆಳೆದ ಮೇಲೂ ಅದನ್ನು ಬಿಡಲಿಲ್ಲ. 1845ರ ಬೇಸಿಗೆಯಲ್ಲಿ ಇಬ್ಬರೂ ಯಾರ್ಕ್ ಪಟ್ಟಣಕ್ಕೆ ಹೋಗಿಬಂದರು. ಎಮಿಲಿಗೆ ಇನ್ನೊಂದು ತಿಂಗಳಿಗೆ ಇಪ್ಪತ್ತೇಳು ತುಂಬುವುದಿತ್ತು, ಆನ್‌ಳಿಗೆ ಇಪ್ಪತ್ತೈದು. ದಾರಿಯುದ್ದಕ್ಕೂ ತಾವು ಗೊಂಡಲ್‌ನ ಅರಮನೆಗಳಿಂದ ತಪ್ಪಿಸಿಕೊಂಡು ಓಡುತ್ತಿರುವವರೆಂದು ಪಾತ್ರ ಕಟ್ಟಿ ಆಡುತ್ತಾ ಹೋದದ್ದನ್ನು ಎಮಿಲಿಯೇ ತನ್ನ ಹುಟ್ಟುಹಬ್ಬದ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾಳೆ. ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳು ಪ್ರಯಾಣದಲ್ಲಿ ರಾಜಕುಮಾರರಾಗಿ ಮಾತಾಡಿಕೊಳ್ಳುತ್ತಿದ್ದರು! ಯಾರಿಗೂ ತೊಂದರೆಯಿಲ್ಲ, ಖರ್ಚೂ ಇಲ್ಲ.

ಒಂದು ಮಾತನ್ನು ಇಲ್ಲಿ ಗಮನಿಸಿ. ಮಕ್ಕಳಾಗಿದ್ದಾಗ ಅವರ ನಾಯಕರೆಲ್ಲ ಡ್ಯೂಕುಗಳು, ದಂಡನಾಯಕರು. ನಿಜವಾದ ಮಗುವನ್ನು ಸೃಷ್ಟಿಸಿದ್ದು ದೊಡ್ಡವರಾದ ಮೇಲೆ. 1847ರಲ್ಲಿ ಷಾರ್ಲಟ್ ಬ್ರಾಂಟೆಯ 'ಜೇನ್ ಐರ್' ಬಂತು. ಕಾದಂಬರಿ ಶುರುವಾಗುವಾಗ ಜೇನ್ ಹತ್ತು ವರ್ಷದ ಅನಾಥೆ. ಮಾವನ ಮನೆಯ ಹಂಗಿನಲ್ಲಿ ಬದುಕುವ ಹುಡುಗಿ ಕಿಟಕಿಯ ಕಟ್ಟೆಯ ಮೇಲೆ ಪರದೆಯ ಹಿಂದೆ ಅಡಗಿ ಪುಸ್ತಕ ನೋಡುತ್ತಾಳೆ. ಬಿ.ಎ. ಓದುವಾಗ ಆ ಪುಟ ದಾಟಿ ಮುಂದೆ ಹೋಗಲು ನನಗೆ ಎರಡು ದಿನ ಬೇಕಾಯಿತು. ಆ ಹುಡುಗಿ ಹೆದರುತ್ತಾಳೆ, ಸಿಟ್ಟಾಗುತ್ತಾಳೆ, ಎದುರು ಮಾತಾಡುತ್ತಾಳೆ. ಆಮೇಲೆ ಒಬ್ಬಳೇ ಕೂತು ನಡುಗುತ್ತಾಳೆ. ಅವಳು ದೊಡ್ಡವರನ್ನು ಕತ್ತರಿಸಿ ಗಿಡ್ಡ ಮಾಡಿದ ಗೊಂಬೆಯಲ್ಲ. ಷಾರ್ಲಟ್ ಆ ಶಾಲೆಯ ಹೆಲೆನ್ ಬರ್ನ್ಸ್ ಎಂಬ ಹುಡುಗಿಯನ್ನು ತೀರಿಹೋದ ತನ್ನ ಅಕ್ಕ ಮರಿಯಾಳ ನೆನಪಿನಿಂದ ಕಡೆದಳು. ಹಾಳೆಯ ಮೇಲೆ ಮಗುವನ್ನು ಕರೆಯಬೇಕಾದರೆ ಎಷ್ಟು ಆಳಕ್ಕೆ ಇಳಿಯಬೇಕಾಗುತ್ತದೆ, ನೋಡಿ.

ಆಟದ ಇತಿಹಾಸ ಮಾತ್ರ ಬೇರೆ ದಾರಿ ಹಿಡಿಯಿತು. ಗಂಡಸರ ದಾರಿ, ಯುದ್ಧದ ದಾರಿ. 1824ರಲ್ಲಿ ಪ್ರಶ್ಯದ ಸೇನಾಧಿಕಾರಿ ರೈಸ್‌ವಿಟ್ಜ್ ಭೂಪಟ, ದಾಳ ಮತ್ತು ತೀರ್ಪುಗಾರನನ್ನಿಟ್ಟು ಅಧಿಕಾರಿಗಳ ತರಬೇತಿಗಾಗಿ ಯುದ್ಧದಾಟ ರೂಪಿಸಿದ. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ಮನೆಯ ನೆಲದ ಮೇಲೆ ಆಟಿಕೆ ಸಿಪಾಯಿಗಳಿಂದ ಆಡುವ 'ಲಿಟಲ್ ವಾರ್ಸ್' ಪುಸ್ತಕ ಬರೆದ. ಅದರ ಶೀರ್ಷಿಕೆಯ ಪುಟ ನೋಡಿದರೆ ನಗು ಬರುತ್ತದೆ. ಹುಡುಗರಾದರೆ ಹನ್ನೆರಡರಿಂದ ನೂರೈವತ್ತು ವರ್ಷದವರೆಗೆ ಎಲ್ಲರಿಗೂ ಸ್ವಾಗತ, ಹುಡುಗಿಯರಾದರೆ ಬುದ್ಧಿವಂತರಾದ ಕೆಲವರಿಗೆ ಮಾತ್ರ! ಮರುವರ್ಷವೇ ನಿಜವಾದ ಮಹಾಯುದ್ಧ ಶುರುವಾಯಿತು.

1969ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಡೇವಿಡ್ ವೆಸ್ಲಿ ಎಂಬುವರು ಒಂದು ಹೊಸತು ಮಾಡಿದರು. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣವನ್ನು ಇಟ್ಟುಕೊಂಡು, ಆಟಗಾರರಿಗೆ ಸೈನ್ಯದ ಬದಲು ಒಬ್ಬೊಬ್ಬ ಮನುಷ್ಯನನ್ನು ಕೊಟ್ಟರು. ಒಬ್ಬ ಊರಿನ ಮೇಯರ್, ಇನ್ನೊಬ್ಬ ಬ್ಯಾಂಕಿನವನು, ಮತ್ತೊಬ್ಬ ವಿದ್ಯಾರ್ಥಿ. ಆಟಗಾರರು ಯುದ್ಧ ಮರೆತು ಮೂಲೆ ಮೂಲೆಯಲ್ಲಿ ಪಿಸುಗುಟ್ಟತೊಡಗಿದರಂತೆ. ವೆಸ್ಲಿ ಆಟ ಕೆಟ್ಟಿತೆಂದುಕೊಂಡರು, ಆಡಿದವರು ಇನ್ನೊಮ್ಮೆ ಎಂದರು. ಅವರಲ್ಲೊಬ್ಬರಾದ ಡೇವ್ ಆರ್ನೆಸನ್ ಅದನ್ನು ಮಾಂತ್ರಿಕ ಲೋಕಕ್ಕೆ ಒಯ್ದರು. 1972ರಲ್ಲಿ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಅವರಿಗೆ ಆಡಿ ತೋರಿಸಿದರು. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಚಪ್ಪಲಿ ರಿಪೇರಿ ಮಾಡುತ್ತಿದ್ದ ಸಂಸಾರಸ್ಥ, ಐದು ಮಕ್ಕಳ ತಂದೆ. ಇಬ್ಬರೂ ಸೇರಿ ರೂಪಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' 1974ರಲ್ಲಿ ಒಂದು ಸಾವಿರ ಪೆಟ್ಟಿಗೆಗಳಲ್ಲಿ ಹೊರಬಂತು. ಬೆಲೆ ಹತ್ತು ಡಾಲರ್. ಇಂದು ಜಗತ್ತಿನ ಮೂಲೆಮೂಲೆಯಲ್ಲಿ ಆಡುವ ಇಂಥ ಆಟಗಳಿಗೆಲ್ಲ ಇದೇ ತಾಯಿಬೇರು.

ಗೈಗ್ಯಾಕ್ಸ್ ಬರೆದ ಆಟವನ್ನು ಮೊದಲು ಆಡಿ ನೋಡಿದವರು ಯಾರು ಗೊತ್ತೇ? ಅವರ ಮನೆಯ ಮಕ್ಕಳೇ, ಮಗ ಎರ್ನಿ, ಮಗಳು ಎಲೀಸ್. ಇಬ್ಬರೂ ಶಾಲೆಗೆ ಹೋಗುವ ವಯಸ್ಸಿನವರು. ತಂದೆ ಕತ್ತಲ ನೆಲಮಾಳಿಗೆಯನ್ನು ಮಾತಿನಲ್ಲಿ ಕಟ್ಟಿದರು, ಮಕ್ಕಳು ಅದರೊಳಗೆ ನಡೆದರು. ರಾಕ್ಷಸರನ್ನು ಗೆದ್ದು ಪೆಟ್ಟಿಗೆ ತೆರೆದರೆ ಹೊರಲಾರದಷ್ಟು ತಾಮ್ರದ ಕಾಸು! ಎರ್ನಿಯ ಮಂತ್ರವಾದಿ ಟೆನ್ಸರ್ ಹೆಸರು ಮುಂದೆ ಆಟದ ಪುಸ್ತಕದಲ್ಲೇ ಒಂದು ಮಂತ್ರದ ಹೆಸರಾಗಿ ಉಳಿಯಿತು. ಆದರೆ ಇಲ್ಲಿಯೂ ಮಕ್ಕಳು ಆಡಿದ್ದು ದೊಡ್ಡವರ ಪಾತ್ರವನ್ನೇ. ಮರದ ಸಿಪಾಯಿಗಳ ಕಾಲದಿಂದ ಅಷ್ಟರಮಟ್ಟಿಗೆ ಏನೂ ಬದಲಾಗಿರಲಿಲ್ಲ.

ಆ ಆಟದ ಮುಂದಿನ ಪುಸ್ತಕಗಳಲ್ಲಿ ಎಲ್ಲದಕ್ಕೂ ಕೋಷ್ಟಕಗಳು ಬಂದವು. 1978ರ ಪುಸ್ತಕದಲ್ಲಿ ಹೆಂಗಸಿನ ಪಾತ್ರಕ್ಕೆ ಬಲದ ಮಿತಿ ಗಂಡಸಿಗಿಂತ ಕಡಿಮೆ ಎಂದು ಅಚ್ಚು ಹಾಕಿದರು. 1989ರ ಹೊಸ ಆವೃತ್ತಿಯಲ್ಲಿ ಅದನ್ನು ತೆಗೆದರು. 1979ರ ಪುಸ್ತಕದಲ್ಲಿ ವಯಸ್ಸಿನ ಕೋಷ್ಟಕವಿದೆ. ಮನುಷ್ಯನ ಯೌವನ 14ರಿಂದ 20, ಪ್ರೌಢ ವಯಸ್ಸು 21ರಿಂದ 40, ನಡುವಯಸ್ಸು 41ರಿಂದ 60, ಹಾಗೇ ಮುಪ್ಪಿನವರೆಗೆ. ಹದಿನಾಲ್ಕಕ್ಕಿಂತ ಕೆಳಗೆ ಸಾಲೇ ಇಲ್ಲ. ರಾಕ್ಷಸರಿಗೆ, ಡ್ರಾಗನ್ನುಗಳಿಗೆ, ಕೈದೀಪದ ಎಣ್ಣೆಗೆ ಜಾಗವಿದ್ದ ಆ ದಪ್ಪ ಪುಸ್ತಕಗಳಲ್ಲಿ ನಾಯಕಿಯಾಗಬಲ್ಲ ಮಗುವಿಗೆ ಜಾಗವಿರಲಿಲ್ಲ. 1986ರಲ್ಲಿ ಬಂದ 'ಗರ್ಪ್ಸ್' ಎಂಬ ಇನ್ನೊಂದು ಆಟದಲ್ಲಿ ಜಾಗ ಸಿಕ್ಕಿತು, ಆದರೆ ಎಲ್ಲಿ? ಕೊರತೆಗಳ ಪಟ್ಟಿಯಲ್ಲಿ. ಕುರುಡು, ಕುಂಟು, ಬಡತನಗಳ ಜೊತೆಗೆ ಎಳೆಯ ವಯಸ್ಸೂ ಒಂದು ಕೊರತೆ. ಹದಿನೆಂಟಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟಕ್ಕೆ ತಕ್ಕ ಅಂಕ.

ಇದನ್ನು ಓದಿ ನಾನು ಸಿಟ್ಟಾಗಲಿಲ್ಲ. ನಾವು ಶಾಲೆಯಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದೇ ಲೆಕ್ಕ. ಮಗುವೆಂದರೆ ಇನ್ನೂ ಆಗದವರು. ಇನ್ನೂ ಬರೆಯಲು ಬಾರದು, ಇನ್ನೂ ಭಾಗಾಕಾರ ಬಾರದು, ಇನ್ನೂ ಜವಾಬ್ದಾರಿ ಇಲ್ಲ. ಆ "ಇನ್ನೂ" ತೆಗೆದರೆ ಮಗುವಿನ ಬಳಿ ಏನಿದೆ ಎಂದು ಯಾರೂ ಕೇಳುವುದಿಲ್ಲ.

ಆ ವರ್ಷಗಳಲ್ಲೇ ಅಮೆರಿಕದ ತಾಯಂದಿರಿಗೆ ಈ ಆಟದ ಭಯ ಹಿಡಿಯಿತು. 1979ರ ಆಗಸ್ಟಿನಲ್ಲಿ ಮಿಷಿಗನ್ ರಾಜ್ಯದ ವಿಶ್ವವಿದ್ಯಾಲಯವೊಂದರಿಂದ ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಬುದ್ಧಿ ಬಹಳ ಚುರುಕೆಂದು ಅಷ್ಟು ಬೇಗ ಕಾಲೇಜು ಸೇರಿಸಿದ್ದ ಹುಡುಗ. ಆಟದ ಹುಚ್ಚಿನಿಂದ ನೆಲದಡಿಯ ಸುರಂಗಗಳಲ್ಲಿ ಕಳೆದುಹೋದನೆಂದು ಪತ್ರಿಕೆಗಳು ಬರೆದವು. ಒಂದು ತಿಂಗಳ ಮೇಲೆ ಸಿಕ್ಕಿದ. ಕಾರಣ ಆಟವಲ್ಲ, ಒಂಟಿತನ, ಮನಸ್ಸಿನ ಖಿನ್ನತೆ, ವಯಸ್ಸಿಗೆ ಮೀರಿದ ನಿರೀಕ್ಷೆಯ ಭಾರ. ಮರುವರ್ಷ ಅವನು ತೀರಿಕೊಂಡ. ಆದರೂ ಆಟದ ಮೇಲಿನ ಅಪವಾದ ಹೋಗಲಿಲ್ಲ. 1982ರಲ್ಲಿ ಆ ಭಯವನ್ನೇ ಇಟ್ಟುಕೊಂಡು ಟಿ.ವಿ. ಸಿನಿಮಾ ಬಂತು, 1983ರಲ್ಲಿ ಆಟದ ವಿರುದ್ಧ ಸಂಘವೇ ಹುಟ್ಟಿತು. ಆ ಹುಡುಗ ಯಾವ ಆಟ ಆಡುತ್ತಿದ್ದ ಎಂದು ಊರೆಲ್ಲ ಕೇಳಿತು. ಭಯವಾದಾಗ ಅವನು ಯಾರ ಹತ್ತಿರ ಹೋಗುತ್ತಿದ್ದ ಎಂಬ ಪ್ರಶ್ನೆ ಪತ್ರಿಕೆಗಳಿಗೆ ಅಷ್ಟು ಮುಖ್ಯವಾಗಲಿಲ್ಲ.

ಆ ಪ್ರಶ್ನೆಗೆ ಆಟದ ಹಾಳೆಯ ಮೇಲೆ ಒಂದು ಮನೆ ಸಿಗಲು ಬಹಳ ವರ್ಷ ಹಿಡಿಯಿತು. 2001ರಲ್ಲಿ ಜೇಸನ್ ಬ್ಲೇರ್ ಅವರ 'ಲಿಟಲ್ ಫಿಯರ್ಸ್' ಬಂತು. ಅಲ್ಲಿ ಆಡುವವರೆಲ್ಲ ಚಿಕ್ಕ ಮಕ್ಕಳ ಪಾತ್ರದವರು. ಬೀರುವಿನೊಳಗಿನ ಭೂತ ಮಕ್ಕಳಿಗೆ ಮಾತ್ರ ಕಾಣುತ್ತದೆ, ದೊಡ್ಡವರಿಗೆ ಕಾಣುವುದಿಲ್ಲ. 2016ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಎಂಬ ಧಾರಾವಾಹಿ ಮನೆಮನೆಗೆ ಬಂತಲ್ಲ, ಅದರ ಮೊದಲ ಕಂತಿನಲ್ಲೇ ನಾಲ್ವರು ಹುಡುಗರು ನೆಲಮಾಳಿಗೆಯಲ್ಲಿ ಇದೇ ಡ್ರಾಗನ್ ಆಟ ಆಡುತ್ತಿರುತ್ತಾರೆ. ಮರುವರ್ಷ, 2017ರಲ್ಲಿ, ಸ್ವೀಡನ್ನಿನ ಒಂದು ಪ್ರಕಾಶನ 'ಟೇಲ್ಸ್ ಫ್ರಂ ದಿ ಲೂಪ್' ಹೊರತಂದಿತು. ಸೀಮೊನ್ ಸ್ಟೋಲೆನ್‌ಹಾಗ್ ಎಂಬ ಚಿತ್ರಕಾರರ ಚಿತ್ರಗಳಿಂದ ಹುಟ್ಟಿದ ಆಟ ಅದು. 1980ರ ದಶಕ, ಸ್ಟಾಕ್‌ಹೋಮ್ ಹತ್ತಿರದ ದ್ವೀಪಗಳು. ನೆಲದಡಿ ಸರ್ಕಾರದ ದೊಡ್ಡ ಯಂತ್ರ, ಮೇಲೆ ಹೊಲ, ಶಾಲೆ, ಸೈಕಲ್ಲು. ಆಡುವವರ ಪಾತ್ರಗಳೆಲ್ಲ ಹತ್ತರಿಂದ ಹದಿನೈದು ವರ್ಷದ ಮಕ್ಕಳು.

ಈ ಆಟದ ನಿಯಮ ಓದಿ, ಗಣಿತದ ಮೇಡಂ ಆದ ನಾನು ಪುಸ್ತಕ ಮಡಿಸಿ ಸುಮ್ಮನೆ ಕೂತೆ. ದೇಹ, ತಾಂತ್ರಿಕ ಜಾಣ್ಮೆ, ಹೃದಯ, ಬುದ್ಧಿ, ಹೀಗೆ ನಾಲ್ಕು ಗುಣಗಳು. ಮಗುವಿಗೆ ಎಷ್ಟು ವರ್ಷವೋ ಅಷ್ಟು ಅಂಕಗಳನ್ನು ಇವುಗಳಲ್ಲಿ ಹಂಚಬೇಕು. ಹತ್ತು ವರ್ಷದ ಮಗುವಿಗೆ ಹತ್ತು, ಹದಿನೈದರ ಮಗುವಿಗೆ ಹದಿನೈದು. ಹಾಗಾದರೆ ಚಿಕ್ಕವರಿಗೆ ನಷ್ಟವಲ್ಲವೇ ಎನ್ನುತ್ತೀರಿ. ಇಲ್ಲ. ಹದಿನೈದರಲ್ಲಿ ವಯಸ್ಸನ್ನು ಕಳೆದರೆ ಉಳಿಯುವಷ್ಟು ಅಂಕ ಅದೃಷ್ಟಕ್ಕೆ. ಹತ್ತರ ಮಗುವಿಗೆ ಐದು ಅದೃಷ್ಟ, ಹದಿನೈದರ ಹುಡುಗನಿಗೆ ಸೊನ್ನೆ. ದಾಳ ಕೈಕೊಟ್ಟಾಗ ಒಂದು ಅದೃಷ್ಟ ಖರ್ಚು ಮಾಡಿ ಮತ್ತೆ ಹಾಕಬಹುದು. ಒಂದು ವರ್ಷ ಬೆಳೆದರೆ ಒಂದು ಬಲ ಬಂತು, ಒಂದು ಅದೃಷ್ಟ ಹೋಯಿತು. ಹದಿನಾರು ತುಂಬಿತೆಂದರೆ ಆಟದಿಂದ ಹೊರಗೆ. ಇನ್ನೊಂದು ನಿಯಮ: ಈ ಆಟದಲ್ಲಿ ಮಗು ಸಾಯುವುದಿಲ್ಲ. ಹೆದರಬಹುದು, ದಣಿಯಬಹುದು, ಪೆಟ್ಟಾಗಬಹುದು, ಮುರಿದುಬೀಳಬಹುದು. ಸಾಯುವಂತಿಲ್ಲ. 2019ರಲ್ಲಿ ಬಂದ ಮುಂದಿನ ಭಾಗದಲ್ಲಿ ಮಕ್ಕಳು ಹದಿಹರೆಯಕ್ಕೆ ಬರುತ್ತಾರೆ, ಅಲ್ಲಿ ಈ ರಕ್ಷಣೆ ಇಲ್ಲ.

ಅಂಕಗಳ ಕೆಳಗೆ ಪ್ರಶ್ನೆಗಳಿವೆ. ಮಗುವಿನ ಗುರುತಿನ ವಸ್ತು ಯಾವುದು? ಮನೆಯಲ್ಲಿ ಅದನ್ನು ಕಾಡುವ ತೊಂದರೆ ಏನು? ಯಾವುದು ಅದನ್ನು ಸಾಹಸಕ್ಕೆ ಎಳೆಯುತ್ತದೆ? ಒಳಗೊಳಗೇ ಯಾವುದರ ಹೆಮ್ಮೆ? ಗೆಳೆಯರೊಂದಿಗೆ ಅಡಗುವ ಜಾಗ ಎಲ್ಲಿ? ಕೊನೆಗೆ, ಅದರ ಆಂಕರ್ ಯಾರು? ಟಿ.ವಿ.ಯಲ್ಲಿ ಮಾತಾಡುವ ಆಂಕರ್ ಅಲ್ಲ, ಹಡಗನ್ನು ನಿಲ್ಲಿಸುವ ಲಂಗರು. ಭಯವಾದಾಗ, ಸೋತಾಗ ಮಗು ಯಾರ ಹತ್ತಿರ ಓಡುತ್ತದೋ ಅವರು. ಅವರ ಜೊತೆ ಸ್ವಲ್ಪ ಹೊತ್ತು ಕಳೆದರೆ ಹಾಳೆಯ ಮೇಲಿನ ಭಯ, ನೋವುಗಳ ಗುರುತನ್ನು ರಬ್ಬರಿನಿಂದ ಅಳಿಸಬಹುದು. ಔಷಧಿಯಿಂದಲ್ಲ, ಮಂತ್ರದಿಂದಲ್ಲ, ಒಬ್ಬ ಮನುಷ್ಯರ ಹತ್ತಿರ ಕೂತದ್ದರಿಂದ.

ಇದೆಲ್ಲ ನನಗೆ ತಿಳಿದದ್ದು ಮಗಳಿಂದ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವಳು ಶನಿವಾರ ಸಂಜೆ ಸ್ನೇಹಿತರೊಂದಿಗೆ ಈ ಆಟ ಆಡುತ್ತಾಳೆ. ದೀಪಾವಳಿಗೆ ಬಂದಾಗ ಒಂದು ಖಾಲಿ ಹಾಳೆಯನ್ನು ನನ್ನ ಮುಂದಿಟ್ಟಳು. "ಅಮ್ಮ, ನೀನೂ ಒಂದು ಮಗು ಮಾಡು" ಎಂದಳು.

"ಒಂದು ಮಾಡಿದ್ದಕ್ಕೇ ಸಾಕಾಗಿದೆ ಕಣೇ" ಎಂದೆ.

"ಸ್ವೀಡನ್ ಬೇಡ, ನಿನ್ನ ಊರನ್ನೇ ಇಟ್ಟುಕೋ. ನಿಮ್ಮಲ್ಲೂ ದೊಡ್ಡ ಯಂತ್ರ ಇತ್ತಲ್ಲ?"

ಇತ್ತು, ನಿಜ. ನಾನು ಬೆಳೆದದ್ದು ಸಾಗರದ ಕಡೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು, ಶರಾವತಿಯ ವಿದ್ಯುದಾಗಾರ, ಕಾಲೋನಿಯ ಮನೆಗಳು. ಬೆಟ್ಟದೊಳಗೆ ಏನೋ ದೊಡ್ಡದು ತಿರುಗುತ್ತಿದೆ ಎಂಬುದು ನಮಗೆ ಮಕ್ಕಳಿಗೆ ಗೊತ್ತಿತ್ತು. ಏನೆಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಬುಡ್ಡಿದೀಪ ಹಚ್ಚಿದಾಗ, ನಾಡಿಗೆಲ್ಲ ಬೆಳಕು ಇಲ್ಲಿಂದಲೇ ಹೋಗುತ್ತದಂತೆ ಎಂದು ತಮ್ಮನಿಗೆ ಹೇಳಿ ನಗುತ್ತಿದ್ದೆ.

ಹಾಳೆಯ ಮೇಲೆ ನಾನು ನನ್ನನ್ನು ಬರೆಯಲಿಲ್ಲ. ಆರನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯೊಬ್ಬಳು ನೆನಪಾದಳು. ಅವಳಿಗೆ ಗಿರಿಜೆ ಎಂದು ಬೇರೆ ಹೆಸರಿಟ್ಟೆ. ವಯಸ್ಸು ಹನ್ನೆರಡು. ಹನ್ನೆರಡು ಅಂಕ: ದೇಹಕ್ಕೆ ಎರಡು, ತಾಂತ್ರಿಕ ಜಾಣ್ಮೆಗೆ ಎರಡು, ಹೃದಯಕ್ಕೆ ನಾಲ್ಕು, ಬುದ್ಧಿಗೆ ನಾಲ್ಕು. ಅದೃಷ್ಟ ಮೂರು. ಗುರುತಿನ ವಸ್ತು, ಸೆಲ್ ಸೋತ ಹಳೆಯ ಟಾರ್ಚು. ಅಡಗುವ ಜಾಗ, ಕೊಟ್ಟಿಗೆಯ ಅಟ್ಟದ ಹುಲ್ಲಿನ ಸಂದು. ಹೆಮ್ಮೆ, ಇಪ್ಪತ್ತರ ತನಕ ಮಗ್ಗಿ ತಪ್ಪದೆ ಬರುತ್ತದೆ. ತೊಂದರೆಯ ಮುಂದೆ ಬರೆದೆ: ಅಮ್ಮನಿಗೆ ಮೈಯಲ್ಲಿ ಹುಷಾರಿಲ್ಲ, ಮನೆಯಲ್ಲಿ ತೊಟ್ಟಿಲು ಮಗು ಇದೆ, ಬರುವ ವರ್ಷ ಶಾಲೆ ಬಿಡಿಸುವ ಮಾತು ನಡೆದಿದೆ. ಸಾಹಸಕ್ಕೆ ಎಳೆಯುವುದು? ಆ ಬೆಟ್ಟದೊಳಗೆ ಏನಿದೆ ಎಂದು ನೋಡಬೇಕು.

ಆಂಕರ್ ಮನೆಗೆ ಬಂದಾಗ ಪೆನ್ಸಿಲ್ ನಿಂತಿತು. ಅಪ್ಪ? ಅವರ ಎದುರು ಅವಳು ಮಾತಾಡಿದ್ದನ್ನೇ ನಾನು ಕಂಡಿರಲಿಲ್ಲ. ಅಮ್ಮ? ಅಮ್ಮನಿಗೇ ಅವಳು ಆಸರೆಯಾಗಿದ್ದಳು. ಶಾಲೆಯ ಮೇಷ್ಟ್ರು? ಅವಳ ಮಗ್ಗಿ ಕೇಳಿ ಭೇಷ್ ಎನ್ನುತ್ತಿದ್ದರು, ಅಷ್ಟೇ. ಬಹಳ ಹೊತ್ತಿನ ಮೇಲೆ ಬಸ್ ನಿಲ್ಲುವ ಕಡೆ ಗೋಣಿಚೀಲ ಹಾಸಿ ಹೂ ಮಾರುತ್ತಿದ್ದ ಅಜ್ಜಿ ನೆನಪಿಗೆ ಬಂದರು. ಶಾಲೆ ಬಿಟ್ಟ ಮೇಲೆ ಗೆಳತಿ ಹತ್ತು ನಿಮಿಷ ಅಲ್ಲಿ ಕೂತು ಮೊಗ್ಗು ಕಟ್ಟಿಕೊಡುತ್ತಿದ್ದಳು. ಏನು ಮಾತಾಡುತ್ತಿದ್ದರೋ ತಿಳಿಯದು, ಎದ್ದು ಬರುವಾಗ ಅವಳ ಮುಖ ಹಗುರವಾಗಿರುತ್ತಿತ್ತು. "ಹೂವಿನಜ್ಜಿ" ಎಂದು ಬರೆದೆ. ಮಗಳು ಓದಿ, "ಇದು ಚೆನ್ನಾಗಿದೆ ಅಮ್ಮ" ಎಂದಳು. ಆ ಗೆಳತಿ ಏಳನೇ ತರಗತಿಗೆ ಬರಲೇ ಇಲ್ಲವೆಂದು ನಾನು ಆಗ ಹೇಳಲಿಲ್ಲ. ಆಟದ ಪುಸ್ತಕದ ಪ್ರಕಾರ ಅವಳಿಗೆ ಇನ್ನೂ ಮೂರು ಅದೃಷ್ಟ ಉಳಿದಿತ್ತು, ಹದಿನಾರಕ್ಕೆ ನಾಲ್ಕು ವರ್ಷವಿತ್ತು. ಮನೆಯ ಲೆಕ್ಕದಲ್ಲಿ ಒಂದೇ ರಾತ್ರಿಯಲ್ಲಿ ದೊಡ್ಡವಳಾಗಿದ್ದಳು.

ಆ ರಾತ್ರಿ ಆಡಿದೆವು. ಮಗಳು ಕಥೆ ನಡೆಸಿದಳು, ಅಕ್ಕನ ಮಕ್ಕಳಿಬ್ಬರು ಜೊತೆಗಿದ್ದರು. ಮೊದಮೊದಲು ಕಷ್ಟವಾಯಿತು. ಮಗುವೆಂದರೆ ತೊದಲಬೇಕೆಂದುಕೊಂಡು ದೊಡ್ಡ ಹುಡುಗ ತೊದಲಿದ, ಎಲ್ಲರೂ ನಕ್ಕರು. ಹನ್ನೆರಡರ ಮಕ್ಕಳು ತೊದಲುವುದಿಲ್ಲ. ಅವರು ಬಹಳ ಗಂಭೀರವಾಗಿ ಮಾತಾಡುತ್ತಾರೆ, ಅವರಿಗೆ ಗೊತ್ತಿರುವ ಲೋಕ ಚಿಕ್ಕದು, ಅಷ್ಟೇ. ದೊಡ್ಡವರಿಗೆ ಹೇಳಿಬಿಡೋಣ ಎಂದು ನಾನು ಎರಡು ಸಲ ಬಾಯಿ ತೆರೆದೆ. "ಹೇಳಿದರೆ ನಂಬುತ್ತಾರಾ?" ಎಂದು ಮಗಳು ಕೇಳಿದಳು. ಗಿರಿಜೆಯ ಮನೆ ನೆನಪಾಗಿ ಸುಮ್ಮನಾದೆ. ಗಿರಿಜೆ ಬೆಟ್ಟದ ಸುರಂಗದ ಬಾಯಿಗೆ ಹೋದಳು. ಟಾರ್ಚಿಗೆ ಸೆಲ್ ಇಲ್ಲ. ದಾಳದಲ್ಲಿ ಆರು ಬೀಳಬೇಕು, ಬೀಳಲಿಲ್ಲ. ಒಂದು ಅದೃಷ್ಟ ಕಳೆದು ಮತ್ತೆ ಹಾಕಿದೆ, ಬಿತ್ತು. ಬೆಟ್ಟದೊಳಗೆ ತಿರುಗುವ ಯಂತ್ರವನ್ನು ಅವಳು ನೋಡಿದಳು. ಹೊರಬಂದು, ನಡುಗುತ್ತಾ, ನೇರ ಹೂವಿನಜ್ಜಿಯ ಗೋಣಿಚೀಲದ ಪಕ್ಕ ಕೂತಳು. ಹಾಳೆಯ ಮೇಲಿನ "ಹೆದರಿದ್ದಾಳೆ" ಎಂಬ ಗುರುತನ್ನು ನಾನು ಅಳಿಸಿದೆ.

ಶಾಲೆಯ ದಾಖಲಾತಿ ರಿಜಿಸ್ಟರೂ ಒಂದು ಪಾತ್ರದ ಹಾಳೆಯೇ. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಜಾತಿ, ಹುಟ್ಟಿದ ದಿನಾಂಕ ಅಂಕಿಯಲ್ಲಿ ಮತ್ತು ಅಕ್ಷರದಲ್ಲಿ. ಅದೂ ಬೇಕು, ಬೇಡವೆನ್ನಲಾರೆ. ಹುಟ್ಟಿದ ದಿನಾಂಕ ಸರಿಯಾಗಿ ದಾಖಲಾದ್ದರಿಂದಲೇ ಎಷ್ಟೋ ಹುಡುಗಿಯರ ಬಾಲ್ಯವಿವಾಹ ನಿಂತಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಬಂದು, ಆರರಿಂದ ಹದಿನಾಲ್ಕರ ಮಕ್ಕಳಿಗೆ ಶಿಕ್ಷಣ ಉಚಿತ, ಕಡ್ಡಾಯ ಎಂದಾಯಿತು. ನನ್ನ ಗೆಳತಿಯ ಕಾಲಕ್ಕೆ ಅಂಥದ್ದಿರಲಿಲ್ಲ. ಆದರೆ ಕಾಯಿದೆಯ ರಿಜಿಸ್ಟರಿನಲ್ಲಿ ಅಡಗುವ ಜಾಗದ ಕಾಲಂ ಇಲ್ಲ, ಲಂಗರಿನ ಕಾಲಂ ಇಲ್ಲ. ಇಲಾಖೆ ಅದನ್ನು ಸೇರಿಸಲಿ ಎಂದೂ ನಾನು ಹೇಳುವುದಿಲ್ಲ. ಇಲಾಖೆ ಸೇರಿಸಿದರೆ ಅದನ್ನು ತುಂಬುವುದು ಮಾರ್ಚ್ ಕೊನೆಯ ವಾರದಲ್ಲಿ, ಎಲ್ಲರಿಗೂ "ತಾಯಿ" ಎಂದು ಒಂದೇ ಉತ್ತರ ಬರೆದು!

ಹಬ್ಬದ ರಜೆ ಮುಗಿದ ಮೇಲೆ ನನ್ನದೇ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಏಳನೇ ತರಗತಿಯ ಮಕ್ಕಳ ಹೆಸರು ಬರೆದೆ. ಪ್ರತಿ ಹೆಸರಿನ ಮುಂದೆ ಒಂದು ಗೆರೆ. ಮಕ್ಕಳನ್ನು ಕೂರಿಸಿ ಕೇಳಲಿಲ್ಲ. ಕೇಳಿದರೆ ನನಗೆ ಇಷ್ಟವಾಗುವ ಉತ್ತರ ಹೇಳುತ್ತಾರೆ. ಬಿಸಿಯೂಟದ ಹೊತ್ತಿನಲ್ಲಿ, ಆಟದ ಪಿರಿಯಡ್‌ನಲ್ಲಿ, ಬಸ್ಸಿಗೆ ಕಾಯುವಾಗ ಮಾತಿಗೆ ಮಾತು ಬಂದಾಗ ಒಂದೊಂದೇ ತಿಳಿಯಿತು. ಒಬ್ಬಳಿಗೆ ಚಿಕ್ಕಮ್ಮ. ಒಬ್ಬನಿಗೆ ಸೈಕಲ್ ಅಂಗಡಿಯ ಮಾವ. ಇಬ್ಬರು ಅಕ್ಕತಂಗಿಯರಿಗೆ ನಮ್ಮ ಅಡುಗೆ ಸಿಬ್ಬಂದಿಯ ಅಕ್ಕ. ನಾಲ್ಕು ಅನ್ನ ಹೆಚ್ಚು ಹಾಕುತ್ತಾ ತಲೆ ಸವರುವವರು ಅವರೇ. ಒಬ್ಬ ಹುಡುಗ ಯೋಚಿಸಿ ಯೋಚಿಸಿ, "ನಮ್ಮ ಎಮ್ಮೆ, ಮೇಡಂ" ಎಂದ. ಅದನ್ನೂ ಬರೆದುಕೊಂಡೆ. ತಾಯಿ ಎಂದವರೇ ಹೆಚ್ಚು, ಅದು ಸಹಜ.

ಏಳು ಹೆಸರುಗಳ ಮುಂದೆ ಗೆರೆ ಖಾಲಿ ಇದೆ. ಅದರಲ್ಲಿ ಐವರು ಹುಡುಗಿಯರು, ಅವರಲ್ಲಿ ಇಬ್ಬರು ಶನಿವಾರ ತಪ್ಪದೆ ಗೈರುಹಾಜರಿ. ಈ ಏಳು ಜನ ನನ್ನ ತರಗತಿಯಲ್ಲಿರುವುದು ಮಾರ್ಚಿನವರೆಗೆ. ಆಮೇಲೆ ಎಂಟನೇ ತರಗತಿಗೆ ಪಟ್ಟಣದ ಹೈಸ್ಕೂಲಿಗೆ ಹೋಗುತ್ತಾರೆ, ಅಥವಾ ಹೋಗುವುದಿಲ್ಲ. ನಾಳೆ ಶನಿವಾರ. ಬೆಳಗಿನ ಶಾಲೆ ಮುಗಿಸಿ ಆ ಇಬ್ಬರ ಮನೆಯ ಕಡೆ ಹೋಗಿಬರಬೇಕೆಂದಿದ್ದೇನೆ. ನೋಟ್‌ಬುಕ್ ಬ್ಯಾಗಿನಲ್ಲೇ ಇರುತ್ತದೆ, ತೆಗೆದು ತೋರಿಸುವುದಿಲ್ಲ.